ವಿಶ್ವ ವ್ಯಾಪಾರ ಸಂಸ್ಥೆ ಸತ್ತಿದೆಯೇ? ಹನ್ನೊಂದು ಎಕರೆ ಕಾಫಿ ತೋಟದಿಂದ ಬಂದ ಪ್ರಶ್ನೆ

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನಲ್ಲಿ ನಮಗೆ ಒಂದೇ ಕಡೆ ಹನ್ನೊಂದು ಎಕರೆ ರೊಬಸ್ಟಾ ತೋಟವಿದೆ. ಯುರೋಪಿಗೆ ಹೋಗುವ ಕಾಫಿಗೆ ಇನ್ನು ಮುಂದೆ ತೋಟದ ನಕ್ಷೆ ಕೊಡಬೇಕೆಂದು, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನವರು ಹೇಳುತ್ತಿದ್ದಾರೆ. ಅತ್ತ ಅಮೆರಿಕ ಮನಸ್ಸಿಗೆ ಬಂದಂತೆ ಸುಂಕ ಹಾಕುತ್ತಿದೆ. ವಿಶ್ವ ವ್ಯಾಪಾರ ಸಂಸ್ಥೆ ಸತ್ತುಹೋಗಿದೆ, ಇನ್ನು ಬ್ರಿಕ್ಸ್ ಕೂಟದ ದೇಶಗಳೇ (ಬ್ರೆಜಿಲ್, ರಷ್ಯಾ, ಭಾರತ, ಚೀನಾ ಮೊದಲಾದವು) ಸೇರಿ ಕಾಫಿಗೆ ಬೆಲೆ ಕಟ್ಟಲಿವೆ ಎಂಬ ಸಂದೇಶಗಳು ಮೊಬೈಲ್‌ಗೆ ಬರುತ್ತಿವೆ. ನಮ್ಮ ತಂದೆಯವರು ಪೂಲ್ ಕಾಲದ, ಅಂದರೆ ಕಾಫಿಯನ್ನೆಲ್ಲ ಕಾಫಿ ಮಂಡಳಿಗೇ ಒಪ್ಪಿಸಬೇಕಿದ್ದ ಕಾಲದ ಬೆಳೆಗಾರರು. 'ಆಗ ಲಂಡನ್ನಿನಲ್ಲಿ ಒಪ್ಪಂದ ಇತ್ತು, ದರ ಬೀಳುತ್ತಿರಲಿಲ್ಲ' ಎನ್ನುತ್ತಿದ್ದರು. ಅವರ ಟ್ರಂಕಿನಲ್ಲಿ ಕಾಫಿ ಮಂಡಳಿಯ ರಸೀದಿಗಳು ಇನ್ನೂ ಇವೆ. ಅಂಥ ಒಪ್ಪಂದ ಮತ್ತೆ ಬರುವುದೇ? ಯುರೋಪಿನ ಕಾನೂನಿನ ವಿರುದ್ಧ ಭಾರತ ದೂರು ಕೊಡಬಾರದೇ? ನಾನು ನಕ್ಷೆ ಮಾಡಿಸಬೇಕೇ, ಬೇಡವೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಅಳಲು ಒಂದೇ. ನಾವು ಬೆಳೆದದ್ದಕ್ಕೆ ಎಲ್ಲೋ ಕುಳಿತವರು ನಿಯಮ ಮಾಡುತ್ತಾರೆ. ಅದು ಸರಿಯಲ್ಲವೆಂದು ಹೇಳಿಕೊಳ್ಳಲು ಒಂದು ಪಂಚಾಯಿತಿ ಕಟ್ಟೆಯೂ ಉಳಿದಿಲ್ಲವೇ ಎಂಬುದು ಆ ಅಳಲು. ತೋಟದ ಬೆಳೆಗಳ ರಫ್ತು ಕಾಗದಪತ್ರ ಮತ್ತು ವ್ಯಾಪಾರ ಒಪ್ಪಂದಗಳ ನಡುವೆ ಮೂರು ದಶಕ ಕಳೆದ ನಾನು ಇದೇ ಮಾತನ್ನು ಮೆಣಸಿನವರಿಂದಲೂ ರಬ್ಬರಿನವರಿಂದಲೂ ಕೇಳಿದ್ದೇನೆ. ಕಟ್ಟೆ ಇದೆ. ಆದರೆ ಅದರ ಮೇಲೆ ಕೂತು ತೀರ್ಪು ಕೊಡುತ್ತಿದ್ದವರಲ್ಲಿ ಕೆಲವರು ಎದ್ದು ಹೋಗಿದ್ದಾರೆ. ಇದರಿಂದ ನಿಮಗೆ ಏನಾಗುತ್ತದೆ ಎಂದು ಹೇಳಬೇಕಾದರೆ ನಿಮ್ಮ ತಂದೆಯವರ ಮಾತಿನಿಂದಲೇ ಆರಂಭಿಸಬೇಕು.

ಅವರು ಹೇಳಿದ್ದು ನಿಜ. 1962ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದವಾಯಿತು. ಮರುವರ್ಷ ಅದನ್ನು ನಡೆಸಲು ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಕಾಫಿ ಸಂಸ್ಥೆ ಹುಟ್ಟಿತು. ಬೆಳೆಯುವ ಪ್ರತಿ ದೇಶಕ್ಕೂ ಇಷ್ಟೇ ರಫ್ತು ಮಾಡಬೇಕೆಂಬ ಕೋಟಾ ಇತ್ತು. ದರ ಇಳಿದರೆ ಕೋಟಾ ಬಿಗಿಯಾಗುತ್ತಿತ್ತು, ಏರಿದರೆ ಸಡಿಲವಾಗುತ್ತಿತ್ತು. ಇದೆಲ್ಲ ಬರೀ ಕಾಗದದ ಮೇಲಿನ ಮಾತಾಗದಂತೆ ಕಾದದ್ದು ಒಂದು ಚಿಕ್ಕ ಅಂಟುಚೀಟಿ. ರಫ್ತಾಗುವ ಕಾಫಿಯ ಮೂಲ ಪ್ರಮಾಣಪತ್ರದ ಮೇಲೆ ಕಾಫಿ ಸಂಸ್ಥೆ ಕೊಟ್ಟ ಸ್ಟಾಂಪುಗಳನ್ನು ಅಂಟಿಸಬೇಕಿತ್ತು. ಕೋಟಾ ಎಷ್ಟೋ ಅಷ್ಟೇ ಸ್ಟಾಂಪು. ಅದಿಲ್ಲದ ಕಾಫಿಯನ್ನು ಅಮೆರಿಕದಲ್ಲಾಗಲಿ ಪಶ್ಚಿಮ ಯುರೋಪಿನಲ್ಲಾಗಲಿ ಬಂದರಿನ ಸುಂಕದವರು ಒಳಗೆ ಬಿಡುತ್ತಿರಲಿಲ್ಲ.

ಅಂದರೆ ಬೆಳೆಯುವವರ ಕೋಟಾವನ್ನು ಕಾಯುತ್ತಿದ್ದವರು ಕೊಳ್ಳುವವರು. ತಾವು ಹೆಚ್ಚು ದುಡ್ಡು ತೆರುವಂಥ ಏರ್ಪಾಟನ್ನು ಅವರೇಕೆ ಕಾಯ್ದರು? ಕ್ಯೂಬಾದ ಕ್ರಾಂತಿ ಆಗಷ್ಟೇ ನಡೆದಿತ್ತು. ಕಾಫಿಯ ದರ ಕುಸಿದರೆ ಬ್ರೆಜಿಲ್, ಕೊಲಂಬಿಯಾ, ಮಧ್ಯ ಅಮೆರಿಕದ ಹಳ್ಳಿಗಳು ಕಮ್ಯುನಿಸ್ಟರ ಕಡೆಗೆ ವಾಲುತ್ತವೆ ಎಂಬ ಅಂಜಿಕೆ ವಾಷಿಂಗ್ಟನ್ನಿಗಿತ್ತು. ಕಾಫಿ ಒಪ್ಪಂದಕ್ಕೆ ಬಲ ಬಂದದ್ದು ಆ ಅಂಜಿಕೆಯಿಂದ. ಶೀತಲ ಸಮರ ಕೊನೆಯಾಗುತ್ತ ಬಂದಂತೆ ಅಂಜಿಕೆಯೂ ಹೋಯಿತು. ಒಳಗಿನ ಜಗಳಗಳೂ ಬೆಳೆದಿದ್ದವು. ಅಮೆರಿಕದ ಹುರಿಯುವ ಕಂಪನಿಗಳಿಗೆ ಮೃದು ರುಚಿಯ ಅರೇಬಿಕಾ ಹೆಚ್ಚು ಬೇಕಾಗಿತ್ತು. ಬ್ರೆಜಿಲ್ ತನ್ನ ಪಾಲು ಬಿಡಲೊಪ್ಪಲಿಲ್ಲ. ಒಪ್ಪಂದಕ್ಕೆ ಸೇರದ ದೇಶಗಳಿಗೆ ಅಗ್ಗದಲ್ಲಿ ಮಾರಿದ ಕಾಫಿ ಸುತ್ತಿ ಬಳಸಿ ಮತ್ತೆ ಯುರೋಪಿಗೇ ಬರುತ್ತಿತ್ತು. 1989ರ ಜುಲೈನಲ್ಲಿ ಕೋಟಾಗಳನ್ನು ಕೈಬಿಟ್ಟರು. ಕೆಲವೇ ತಿಂಗಳಲ್ಲಿ ಜಾಗತಿಕ ದರ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ನಮ್ಮವರಿಗೆ ಇನ್ನೊಂದು ಪೆಟ್ಟು ಕಾದಿತ್ತು. ಕೋಟಾದ ಹೊರಗಿನ ನಮ್ಮ ಕಾಫಿಗೆ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ, ಅದೂ ರೂಪಾಯಿ ಲೆಕ್ಕದ ವ್ಯಾಪಾರ. 1991ರಲ್ಲಿ ಆ ಒಕ್ಕೂಟವೇ ಇಲ್ಲವಾಯಿತು. ಬಳಿಕ ಪೂಲ್ ಹಂತಹಂತವಾಗಿ ಕರಗಿ, 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಪೂಲ್ ವ್ಯವಸ್ಥೆಯ ಬೇರು ಇರುವುದೂ ಜಗತ್ತಿನ ಇನ್ನೊಂದು ಬಿರುಕಿನಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿದಾಗ ಬೆಳೆಗಾರರನ್ನು ಉಳಿಸಲು 1942ರಲ್ಲಿ ತಂದ ಕಾಯ್ದೆ ಅದು.

ನಿಮ್ಮ ತಂದೆಯವರ ಮಾತಿಗೆ ಒಂದು ತಿದ್ದುಪಡಿ ಮಾತ್ರ ಸೇರಿಸುತ್ತೇನೆ. ದರ ಪಾತಾಳಕ್ಕೆ ಬೀಳುತ್ತಿರಲಿಲ್ಲ, ಸರಿ. ಆದರೆ ಬೆಳೆದ ಕಾಫಿಯನ್ನೆಲ್ಲ ಪೂಲಿಗೇ ಒಪ್ಪಿಸಬೇಕಿತ್ತು. ಹಣ ಕಂತು ಕಂತಾಗಿ, ಕೆಲವೊಮ್ಮೆ ವರ್ಷಗಳ ನಂತರ ಕೈಸೇರುತ್ತಿತ್ತು. 2025ರ ಆರಂಭದಲ್ಲಿ ಲಂಡನ್ ಪೇಟೆಯಲ್ಲಿ ರೊಬಸ್ಟಾ ಟನ್ನಿಗೆ 5,500 ಡಾಲರ್ ದಾಟಿದಾಗ ಅದರ ಲಾಭ ನೇರ ನಿಮ್ಮ ಕಣಕ್ಕೆ ಬಂತು. ಪೂಲ್ ಇದ್ದಿದ್ದರೆ ಹಾಗೆ ಬರುತ್ತಿರಲಿಲ್ಲ.

ಈಗ ಬ್ರಿಕ್ಸ್ ವಿಷಯ. ಮೊಬೈಲಿಗೆ ಬಂದ ಸಂದೇಶದಲ್ಲಿ ಅರ್ಧ ಲೆಕ್ಕ ಸರಿಯಿದೆ. ಬ್ರೆಜಿಲ್, ಭಾರತ, 2024ರಲ್ಲಿ ಸೇರಿದ ಇಥಿಯೋಪಿಯಾ, 2025ರಲ್ಲಿ ಸೇರಿದ ಇಂಡೊನೇಷ್ಯಾ, ಅದೇ ವರ್ಷ ಪಾಲುದಾರ ದೇಶವಾದ ವಿಯೆಟ್ನಾಂ, ಇಷ್ಟನ್ನೂ ಕೂಡಿಸಿದರೆ ಜಗತ್ತಿನ ಕಾಫಿಯ ಅರ್ಧಕ್ಕಿಂತ ಹೆಚ್ಚು ಪಾಲು ಒಂದೇ ಕೋಣೆಯಲ್ಲಿ ಕುಳಿತಂತೆ. ಆದರೆ ಒಂದೇ ಕೋಣೆಯಲ್ಲಿ ಕುಳಿತವರ ಹಿತವೂ ಒಂದೇ ಆಗಿರಬೇಕಲ್ಲ? ಕಬ್ಬಿಗೆ ನಾವು ಕೊಡುವ ಬೆಲೆ ಬೆಂಬಲ ಮತ್ತು ಸಕ್ಕರೆ ರಫ್ತಿನ ಸಹಾಯಧನದ ವಿರುದ್ಧ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರು ಕೊಟ್ಟ ಮೂರು ದೇಶಗಳಲ್ಲಿ ಆಸ್ಟ್ರೇಲಿಯಾ ಮತ್ತು ಗ್ವಾಟೆಮಾಲಾದ ಜೊತೆ ಬ್ರೆಜಿಲ್ ಕೂಡ ಇತ್ತು. ಮಂಡ್ಯ, ಬೆಳಗಾವಿಯ ಕಬ್ಬಿನ ರೈತರಿಗೆ ಅದು ಪ್ರತಿವಾದಿಯೇ ಹೊರತು ಬ್ರಿಕ್ಸ್ ಬಂಧುವಲ್ಲ. ಕಾಫಿಯಲ್ಲೇ ಒಮ್ಮೆ ಈ ಪ್ರಯೋಗ ನಡೆದಿದೆ. ಕೊಳ್ಳುವವರಿಲ್ಲದೆ ಬೆಳೆಯುವ ದೇಶಗಳಷ್ಟೇ ಸೇರಿ 1993ರಲ್ಲಿ ಒಂದು ಒಕ್ಕೂಟ ಕಟ್ಟಿದವು. 2000ರಲ್ಲಿ, ಪ್ರತಿಯೊಬ್ಬರೂ ರಫ್ತಿನ ಶೇ 20ನ್ನು ಗೋದಾಮಿನಲ್ಲಿ ತಡೆದಿಡಬೇಕೆಂದು ತೀರ್ಮಾನಿಸಿದವು. ಮರುವರ್ಷವೇ ಅದು ಮುರಿದುಬಿತ್ತು. ತಡೆದಿಟ್ಟವರ ಜಾಗದಲ್ಲಿ ತಡೆದಿಡದವರು ಮಾರಿಕೊಂಡರು. ಹಿಡಿಯಲು ಬಂದರಿನಲ್ಲಿ ಸ್ಟಾಂಪು ನೋಡುವವರು ಯಾರೂ ಇರಲಿಲ್ಲ. ಆ ಹೊತ್ತಿಗೆ ವಿಯೆಟ್ನಾಂ ಜಗತ್ತಿನ ಎರಡನೆಯ ಅತಿ ದೊಡ್ಡ ಕಾಫಿ ದೇಶವಾಗಿ ಬೆಳೆದು ನಿಂತಿತ್ತು. 2001-02ರ ಆ ದರ ಕುಸಿತದಲ್ಲಿ ಮಲೆನಾಡಿನ ಎಷ್ಟು ಮನೆಗಳು ಸಾಲದಲ್ಲಿ ಮುಳುಗಿದವು ಎಂಬುದನ್ನು ನಾನು ನಿಮಗೆ ಹೇಳಬೇಕಿಲ್ಲ. ಹಾಗಾಗಿ ಬ್ರಿಕ್ಸ್ ಬೆಲೆ ಕಟ್ಟುತ್ತದೆ ಎಂದು ನಂಬಿ ಫಸಲು ಹಿಡಿದಿಟ್ಟುಕೊಳ್ಳಬೇಡಿ. ಇದನ್ನು ಖಚಿತವಾಗಿಯೇ ಹೇಳುತ್ತೇನೆ.

ವಿಶ್ವ ವ್ಯಾಪಾರ ಸಂಸ್ಥೆ ಸತ್ತಿದೆ ಎಂಬುದೂ ಪೂರ್ತಿ ನಿಜವಲ್ಲ. 1995ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಈಗ 166 ಸದಸ್ಯರಿದ್ದಾರೆ. ದಿನನಿತ್ಯದ ಸಮಿತಿಗಳು ನಡೆಯುತ್ತಿವೆ, ದೂರುಗಳು ದಾಖಲಾಗುತ್ತಿವೆ, ಮೊದಲ ಹಂತದ ನ್ಯಾಯಮಂಡಳಿಗಳು ತೀರ್ಪನ್ನೂ ಕೊಡುತ್ತಿವೆ. ನಿಂತಿರುವುದು ಮೇಲ್ಮನವಿ ಪೀಠ. ಏಳು ಸದಸ್ಯರ ಆ ಪೀಠದಲ್ಲಿ ಒಂದು ಪ್ರಕರಣ ಕೇಳಲು ಮೂವರಾದರೂ ಬೇಕು. ಪೀಠ ತನ್ನ ಅಧಿಕಾರದ ಗಡಿ ಮೀರುತ್ತಿದೆ ಎಂದು ಆಕ್ಷೇಪಿಸಿ ಅಮೆರಿಕ ಹೊಸ ನೇಮಕಗಳನ್ನು ತಡೆಯುತ್ತ ಬಂತು. 2019ರ ಡಿಸೆಂಬರ್‌ನಲ್ಲಿ ಉಳಿದವರು ಒಬ್ಬರೇ. ಅಂದಿನಿಂದ ಸೋತ ದೇಶ ಮೇಲ್ಮನವಿ ಹಾಕಿದರೆ ಕೇಳುವವರಿಲ್ಲದೆ ಪ್ರಕರಣ ಅಲ್ಲೇ ನಿಲ್ಲುತ್ತದೆ, ತೀರ್ಪು ಜಾರಿಗೆ ಬರುವುದಿಲ್ಲ.

ಈ ಖಾಲಿ ಪೀಠದ ನೆರಳಲ್ಲಿ ನಾವೂ ನಿಂತಿದ್ದೇವೆ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಮೇಲೆ ಹೇಳಿದ ಸಕ್ಕರೆ ಪ್ರಕರಣದಲ್ಲಿ 2021ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಸೋಲಾಯಿತು. ಅದರ ಬೆನ್ನಿಗೇ ನಾವು ಮೇಲ್ಮನವಿ ಹಾಕಿದೆವು. ತೀರ್ಪು ಅಲ್ಲೇ ಉಳಿಯಿತು. ಅಂದು ನಮಗೆ ರಕ್ಷೆಯಾದ ಅದೇ ದಾರಿ ನಾಳೆ ನಾವು ಯುರೋಪಿನ ವಿರುದ್ಧ ಗೆದ್ದರೆ ಅವರಿಗೂ ತೆರೆದಿರುತ್ತದೆ.

ಇನ್ನು 'ಭಾರತ ದೂರು ಕೊಡಬಾರದೇ' ಎಂದಿರಿ. ಕೊಡಬಹುದು. ನೀವಾಗಲಿ ಬೆಳೆಗಾರರ ಸಂಘವಾಗಲಿ ಕೊಡಲಾಗದು. ಸರ್ಕಾರ ಮಾತ್ರ ಕೊಡಬಲ್ಲದು. ಗೆದ್ದರೆ ಏನು ಸಿಗುತ್ತದೆ ಎಂಬುದಕ್ಕೆ ನಮ್ಮದೇ ಹಳೆಯ ಪ್ರಕರಣವೊಂದಿದೆ. ಕಡಲಾಮೆಗಳು ಬಲೆಗೆ ಸಿಕ್ಕಿ ಸಾಯದಂತೆ ಸಾಧನ ಅಳವಡಿಸದ ದೇಶಗಳ ಸಿಗಡಿಯನ್ನು ಅಮೆರಿಕ ನಿಷೇಧಿಸಿತ್ತು. ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಒಟ್ಟಾಗಿ ದೂರಿದವು. 1998ರಲ್ಲಿ ಮೇಲ್ಮನವಿ ಪೀಠ ಹೇಳಿದ್ದು: ಆಮೆ ಉಳಿಸುವ ಉದ್ದೇಶ ಒಪ್ಪತಕ್ಕದ್ದು, ಆದರೆ ಅದನ್ನು ಜಾರಿ ಮಾಡಿದ ರೀತಿ ತಾರತಮ್ಯದ್ದು. ಅಮೆರಿಕ ಕಾನೂನನ್ನು ಹಿಂತೆಗೆದುಕೊಳ್ಳಲಿಲ್ಲ, ಜಾರಿಯ ವಿಧಾನವನ್ನು ಬದಲಿಸಿತು. ಮಲೇಷ್ಯಾ ಮತ್ತೆ ಪ್ರಶ್ನಿಸಿ 2001ರಲ್ಲಿ ಸೋತಿತು. ತಾಳೆ ಎಣ್ಣೆಯ ಜೈವಿಕ ಇಂಧನಕ್ಕೆ ಯುರೋಪ್ ಹಾಕಿದ ನಿರ್ಬಂಧಗಳ ಬಗ್ಗೆ ಮಲೇಷ್ಯಾಕ್ಕೆ 2024ರಲ್ಲಿ, ಇಂಡೊನೇಷ್ಯಾಕ್ಕೆ 2025ರಲ್ಲಿ ಸಿಕ್ಕ ತೀರ್ಪುಗಳ ಧಾಟಿಯೂ ಬಹುಮಟ್ಟಿಗೆ ಇದೇ. ಕಾಡು ಉಳಿಸುವ ಉದ್ದೇಶದ ಕಾನೂನು ವಿಶ್ವ ವ್ಯಾಪಾರ ಸಂಸ್ಥೆಯ ಕೇಂದ್ರವಿರುವ ಜಿನೀವಾದಲ್ಲಿ ಬಿದ್ದುಹೋಗುತ್ತದೆ ಎಂದು ನಾನು ನಿಮಗೆ ಆಸೆ ಹುಟ್ಟಿಸಲಾರೆ. ಜಾರಿಯ ಕಷ್ಟಗಳನ್ನು ತಗ್ಗಿಸಬಹುದು, ಅದಕ್ಕೂ ವರ್ಷಗಳು ಹಿಡಿಯುತ್ತವೆ.

ಅಮೆರಿಕದ ಸುಂಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2025ರ ಆಗಸ್ಟ್‌ನಲ್ಲಿ ಬ್ರೆಜಿಲ್ ಕಾಫಿಯ ಮೇಲೆ ಶೇ 50ರ ಸುಂಕ ಬಿತ್ತು. ಬ್ರೆಜಿಲ್ ಜಿನೀವಾದಲ್ಲಿ ದೂರನ್ನೂ ಕೊಟ್ಟಿತು. ನವೆಂಬರ್‌ನಲ್ಲಿ ಅಮೆರಿಕ ಕಾಫಿಗೆ ವಿನಾಯಿತಿ ಕೊಟ್ಟದ್ದು ಆ ದೂರಿನಿಂದಲ್ಲ, ತನ್ನದೇ ಜನರ ದಿನಸಿ ಬಿಲ್ಲು ಏರಿದ್ದರಿಂದ.

ನಿಮಗೆ ನಿಜವಾಗಿ ತಟ್ಟುವುದು ಯುರೋಪಿನ ಅರಣ್ಯನಾಶ ತಡೆ ಕಾನೂನು. 2023ರ ಜೂನ್‌ನಲ್ಲಿ ಬಂದ ಈ ಕಾನೂನು ಕಾಫಿ, ಕೋಕೋ, ರಬ್ಬರ್, ತಾಳೆ, ಸೋಯಾ, ಮರ, ದನ ಎಂಬ ಏಳು ಸರಕುಗಳಿಗೆ ಅನ್ವಯಿಸುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಾಗಿರಬಾರದು, ಬೆಳೆದ ದೇಶದ ಕಾನೂನಿನಂತೆ ಬೆಳೆದಿರಬೇಕು ಎಂಬುವು ಎರಡು ಮುಖ್ಯ ಷರತ್ತು. ಜಾರಿಯ ದಿನ ಎರಡು ಸಲ ಮುಂದೆ ಹೋಗಿದೆ. ಈಗಿನ ವೇಳಾಪಟ್ಟಿಯಂತೆ ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣವರಿಗೆ 2027ರ ಜೂನ್ 30. ಭಾರತವನ್ನು ಕಡಿಮೆ ಅಪಾಯದ ದೇಶಗಳ ಸಾಲಿಗೆ ಸೇರಿಸಿದ್ದಾರೆ. ಅದರಿಂದ ತಪಾಸಣೆ ಕಡಿಮೆಯಾಗುತ್ತದೆ, ಆದರೆ ತೋಟದ ಸ್ಥಳಸೂಚಿ, ಅಂದರೆ ತೋಟ ಎಲ್ಲಿದೆ ಎಂದು ತೋರಿಸುವ ಅಕ್ಷಾಂಶ ರೇಖಾಂಶ ಕೊಡುವುದರಿಂದ ವಿನಾಯಿತಿ ಸಿಕ್ಕಿಲ್ಲ. ಉತ್ತರದಾಯಿ ನೀವಲ್ಲ, ಅಲ್ಲಿನ ಆಮದುದಾರ. ತಪ್ಪಿದರೆ ದಂಡ ಅವನಿಗೆ. ಆದ್ದರಿಂದಲೇ ಅವನು ರಫ್ತುದಾರನನ್ನು, ರಫ್ತುದಾರ ಕ್ಯೂರಿಂಗ್‌ನವರನ್ನು, ಅವರು ನಿಮ್ಮನ್ನು ಕೇಳುತ್ತಿದ್ದಾರೆ.

ನೆರಳಿನ ಮರ ಕಡಿದರೆ ಅರಣ್ಯನಾಶ ಎನ್ನುತ್ತಾರೆ ಎಂಬ ಭಯ ತಾಲ್ಲೂಕಿನಲ್ಲೆಲ್ಲ ಹಬ್ಬಿದೆ. ಕಾನೂನಿನ ಪ್ರಕಾರ ಮರದ ನೆರಳಲ್ಲಿ ಬೆಳೆ ಇರುವ ಜಾಗ ಕೃಷಿ ಭೂಮಿ, ಅರಣ್ಯವಲ್ಲ. ವರ್ಷವರ್ಷದ ಮರಗಸಿಯಿಂದ (ನೆರಳಿನ ಮರದ ಕೊಂಬೆ ಕತ್ತರಿಸುವುದರಿಂದ) ನೀವು ತಪ್ಪಿತಸ್ಥರಾಗುವುದಿಲ್ಲ. ತೊಡಕು ಉಪಗ್ರಹದ್ದು. ಮೇಲಿನಿಂದ ನೋಡುವ ನಕ್ಷೆಗೆ ದಟ್ಟ ನೆರಳಿನ ತೋಟವೂ ಕಾಡಿನಂತೆಯೇ ಕಾಣುತ್ತದೆ. 2020ರಲ್ಲಿ ಕಾಡೆಂದು ಗುರುತಾದ ತುಂಡಿನಲ್ಲಿ ಆಮೇಲೆ ಸಿಲ್ವರ್ ಓಕ್ ಸಾಲು ಕಡಿದಿದ್ದರೆ ಯಂತ್ರ ಅನುಮಾನಪಡಬಹುದು. ಅನುಮಾನ ಬಂದಾಗ ತೋರಿಸಲು ಕಾಗದ ಬೇಕು.

ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಎರಡನೆಯ ಷರತ್ತು. ಮಲೆನಾಡಿನಲ್ಲಿ ಪಹಣಿಯ ತೋಟಕ್ಕೆ ಅಂಟಿಕೊಂಡೇ ಒತ್ತುವರಿಯ ತುಂಡುಗಳಿರುವುದು ಗುಟ್ಟಲ್ಲ. ಆ ತುಂಡಿನ ಕಾಫಿಗೆ ಗುತ್ತಿಗೆ ಆದೇಶವೋ ಮಂಜೂರಾತಿಯೋ ಇಲ್ಲದಿದ್ದರೆ 'ದೇಶದ ಕಾನೂನಿನಂತೆ' ಎಂಬ ಮಾತು ತೂಗುಕತ್ತಿಯಾಗುತ್ತದೆ. ಎರಡನ್ನೂ ಒಂದೇ ಕಣದಲ್ಲಿ ಒಣಗಿಸಿದರೆ ಬೇರ್ಪಡಿಸಲು ಬರುವುದಿಲ್ಲ. ದಾಖಲೆಯಿರುವ ಕಾಫಿಯನ್ನು ಇಲ್ಲದ ಕಾಫಿಯ ಜೊತೆ ಬೆರೆಸಲು ಈ ಕಾನೂನು ಬಿಡುವುದಿಲ್ಲ. ಒಂದು ಚೀಲ ಬೆರೆತರೂ ಒಟ್ಟಿಗೆ ರಫ್ತಾಗುವ ಇಡೀ ಲಾಟು ಹೋಗುತ್ತದೆ.

ಕಾಡು ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ 1962ರ ಒಪ್ಪಂದದ ಸ್ಟಾಂಪನ್ನು ಬೆಳೆಯುವವರೂ ಕೊಳ್ಳುವವರೂ ಒಟ್ಟಿಗೆ ಕೂತು ಒಪ್ಪಿದ್ದರು. ಇಂದಿನ ಸ್ಟಾಂಪು ಈ ಸ್ಥಳಸೂಚಿ. ಇದನ್ನು ಒಂದೇ ಕಡೆಯವರು ಬರೆದು, ಖರ್ಚನ್ನು ಹನ್ನೊಂದು ಎಕರೆಯವರ ತಲೆಯ ಮೇಲಿಟ್ಟಿದ್ದಾರೆ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಒಟ್ಟಿಗೆ ಕೂರುವ ಕಟ್ಟೆಗಳು ದುರ್ಬಲವಾದಾಗ ದೊಡ್ಡ ಗಿರಾಕಿಯ ಮನೆಯ ನಿಯಮವೇ ಲೋಕದ ನಿಯಮವಾಗುತ್ತದೆ. ಹಸಿ ಕಾಫಿ ಬೀಜಕ್ಕೆ ಯುರೋಪಿನಲ್ಲಿ ಸುಂಕವೇ ಇಲ್ಲ, ಹುರಿದದ್ದಕ್ಕೆ ಸಾಮಾನ್ಯ ದರ ಶೇ 7.5. ಹಾಗಾಗಿ ಸುಂಕ ಇಳಿಸುವ ಒಪ್ಪಂದ ಎಷ್ಟೇ ಒಳ್ಳೆಯದಾದರೂ ಬೀಜ ಮಾರುವ ನಿಮಗೆ ಅದರಿಂದ ನೇರ ಲಾಭ ಕಡಿಮೆ. ನಮ್ಮ ಸರ್ಕಾರ ಮಾತುಕತೆಯಲ್ಲಿ ಕೇಳಬೇಕಾದದ್ದು ಈ ಖರ್ಚಿನ ಪಾಲನ್ನು, ಕಾಫಿ ಮಂಡಳಿಯ ದಾಖಲೆಗೆ ಅಲ್ಲಿ ಮಾನ್ಯತೆಯನ್ನು.

ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ಏನೂ ಮಾಡದೆ ಎಂದಿನಂತೆ ಕಣದಲ್ಲೇ ವ್ಯಾಪಾರಿಗೆ ಮಾರಬಹುದು. ದಿನಾಂಕ ಮತ್ತೆ ಮುಂದೆ ಹೋದರೆ ನೀವೇ ಜಾಣರೆನಿಸುತ್ತೀರಿ. ಆದರೆ ದರ ಏರಿದಾಗ ಯಾರೂ ಕಾಗದ ಕೇಳುವುದಿಲ್ಲ. ದರ ಇಳಿದು ಕಾಫಿ ರಾಶಿಯಾದಾಗ ಮೊದಲು ಪಕ್ಕಕ್ಕೆ ಸರಿಯುವುದು ಕಾಗದವಿಲ್ಲದ ಚೀಲ. ಯುರೋಪನ್ನೇ ಬಿಟ್ಟು ರಷ್ಯಾ, ಕೊಲ್ಲಿ ದೇಶ ಅಥವಾ ನಮ್ಮದೇ ಊರುಗಳ ಕಾಫಿ ಕಂಪನಿಗಳಿಗೆ ಮಾರುವುದು ಇನ್ನೊಂದು ದಾರಿ. ದೇಶದೊಳಗಿನ ಬೇಡಿಕೆ ಬೆಳೆಯುತ್ತಿದೆ, ಅದನ್ನು ಕಡೆಗಣಿಸಬೇಡಿ. ಆದರೂ ನಮ್ಮ ಕಾಫಿಯ ಬಹುಪಾಲು ಹೊರಗೆ ಹೋಗುತ್ತದೆ, ಅದರಲ್ಲಿ ಇಟಲಿಯೇ ಮೊದಲ ಗಿರಾಕಿ. ಒಬ್ಬನೇ ಗಿರಾಕಿಯನ್ನು ನಂಬಿದರೆ ಏನಾಗುತ್ತದೆ ಎಂಬುದನ್ನು 1991 ತೋರಿಸಿದೆ. ಯಾರಾದರೂ ವಾಯಿದಾ ಪೇಟೆಯಲ್ಲಿ (ಮುಂದೆ ಕೊಡುವ ಮಾಲಿಗೆ ಈಗಲೇ ದರ ಗೊತ್ತುಮಾಡುವ ಪೇಟೆ) ದರ ಕಾಯ್ದುಕೊಳ್ಳಿ ಎಂದರೆ, ಲಂಡನ್ನಿನ ರೊಬಸ್ಟಾ ಲಾಟು 10 ಟನ್ನಿನದು, ಡಾಲರಿನದು. ನಿಮ್ಮ ಇಡೀ ಫಸಲು ಒಂದು ಲಾಟಿಗೆ ಸಾಲುವುದೂ ಕಷ್ಟ. ಅದರ ಬದಲು ಫಸಲನ್ನು ಮೂರು ನಾಲ್ಕು ಸಲವಾಗಿ ಮಾರಿ.

ನನ್ನ ಸಲಹೆ: ನಕ್ಷೆ ಮಾಡಿಸಿ. ಆದರೆ ಯಾರೋ ಬಂದು ಮೊಬೈಲ್ ಹಿಡಿದು ಹತ್ತು ನಿಮಿಷದಲ್ಲಿ ಮಾಡಿಕೊಂಡು ಹೋಗಲು ಬಿಡಬೇಡಿ. 4 ಹೆಕ್ಟೇರ್ ಒಳಗಿನ ತೋಟಕ್ಕೆ ಒಂದು ಬಿಂದು ಸಾಕು. ಅದಕ್ಕೆ ಹತ್ತು ಎಕರೆಗೆ ತುಸು ಕಡಿಮೆ ಎಂದು ಲೆಕ್ಕ. ನಿಮ್ಮದು ಹನ್ನೊಂದು ಎಕರೆ, ಆದ್ದರಿಂದ ಸುತ್ತಲಿನ ಗಡಿ ಪೂರ್ತಿ ಗುರುತಾಗಬೇಕು. ಜಂಟಿ ಪಹಣಿಯಿದ್ದರೆ ಮೊದಲು ಪೋಡಿ ಮಾಡಿಸಿ, ಅಂದರೆ ಅಳತೆ ಮಾಡಿಸಿ ನಿಮ್ಮ ಪಾಲನ್ನು ದಾಖಲೆಯಲ್ಲಿ ಬೇರೆ ಮಾಡಿಸಿ. ಅಣ್ಣ ತಮ್ಮಂದಿರಿಬ್ಬರೂ ಒಂದೇ ಜಾಗವನ್ನು ತಮ್ಮದೆಂದು ನೋಂದಾಯಿಸಿದರೆ ಇಬ್ಬರ ಕಾಫಿಯೂ ಪ್ರಶ್ನೆಗೊಳಗಾಗುತ್ತದೆ. ಒಮ್ಮೆ ರಫ್ತಿಗೆ ಸಿದ್ಧವಾದ ಲಾಟೊಂದರ ಪಟ್ಟಿ ನನ್ನ ಮುಂದೆ ಬಂತು. ಅಕ್ಷಾಂಶ 12.94, ರೇಖಾಂಶ 75.78 ಎಂದಿರಬೇಕಾದ ಸಾಲಿನಲ್ಲಿ ಎರಡೂ ಅದಲುಬದಲಾಗಿದ್ದವು. ನಕ್ಷೆಯಲ್ಲಿ ಹಾಕಿ ನೋಡಿದರೆ ಸಕಲೇಶಪುರದ ತೋಟ ಉತ್ತರ ಧ್ರುವದ ಕಡೆಯ ಹಿಮದ ಸಮುದ್ರದಲ್ಲಿ ಬಿದ್ದಿತ್ತು. ಆ ಒಂದು ಸಾಲಿಗಾಗಿ ನಲವತ್ತಕ್ಕೂ ಹೆಚ್ಚು ಬೆಳೆಗಾರರ ಕಾಫಿ ಗೋದಾಮಿನಲ್ಲಿ ಕಾಯಬೇಕಾಯಿತು. ಆದ್ದರಿಂದ ನೋಂದಣಿಯಾದ ಮೇಲೆ ನಿಮ್ಮ ಸಂಖ್ಯೆಗಳನ್ನು ನೀವೇ ನಕ್ಷೆಯಲ್ಲಿ ತೆರೆದು, ನಿಮ್ಮ ಕಣ, ನಿಮ್ಮ ಕೆರೆ ಕಾಣುತ್ತವೆಯೇ ಎಂದು ನೋಡಿ. ಕಾಫಿ ಮಂಡಳಿಯ ಮೂಲಕವೇ ನೋಂದಾಯಿಸಿ, ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ. ವ್ಯಾಪಾರಿಗೆ ಕೊಟ್ಟರೆ ಯಾವ ವರ್ಷದ, ಎಷ್ಟು ಚೀಲಕ್ಕೆ ಕೊಟ್ಟಿರಿ ಎಂಬುದನ್ನು ಬರೆದು ಸಹಿ ಪಡೆಯಿರಿ. ನಿಮ್ಮ ಸ್ಥಳಸೂಚಿಯಲ್ಲಿ ಬೇರೊಬ್ಬರ ಕಾಫಿ ಸಾಗಬಾರದು. ಇದಕ್ಕೆ ಹೆಚ್ಚಿನ ದರ ಸಿಗುತ್ತದೆ ಎಂಬ ಭರವಸೆಯನ್ನು ಬರವಣಿಗೆಯಲ್ಲಿ ಕೊಡದವರನ್ನು ನಂಬಬೇಡಿ.

ಕೊನೆಯದಾಗಿ ಆ ಟ್ರಂಕು. ಅದನ್ನು ಈ ವಾರವೇ ತೆಗೆಯಿರಿ. ಪೂಲ್ ಕಾಲದಲ್ಲಿ ಪ್ರತಿ ತೋಟವೂ ನೋಂದಣಿಯಾಗಿರಬೇಕಿತ್ತು. ಮಂಡಳಿಗೆ ಕಾಫಿ ಒಪ್ಪಿಸಿದ ಪ್ರತಿ ರಸೀದಿಯೂ 2020ಕ್ಕಿಂತ ದಶಕಗಳ ಮೊದಲೇ ಆ ನೆಲ ಕಾಫಿ ತೋಟವಾಗಿತ್ತು ಎಂಬುದಕ್ಕೆ ಸಾಕ್ಷಿ. ನಿಮ್ಮ ನೆರಳಿನ ತೋಟವನ್ನು ಉಪಗ್ರಹ ಕಾಡೆಂದು ತಪ್ಪಾಗಿ ಓದಿದ ದಿನ ಅದಕ್ಕಿಂತ ಬಲವಾದ ಕಾಗದ ನಿಮಗೆ ಸಿಗಲಾರದು. ನೋಂದಣಿ ಸಂಖ್ಯೆ, ವರ್ಷ, ತಂದೆಯವರ ಹೆಸರು ಸ್ಪಷ್ಟವಾಗಿರುವ ರಸೀದಿಗಳನ್ನು ಬೇರೆ ಮಾಡಿ ಸ್ಕ್ಯಾನ್ ಮಾಡಿಸಿ. ಅಂದಿನ ಪಹಣಿಯನ್ನೂ, ತಂದೆಯವರಿಂದ ನಿಮ್ಮ ಹೆಸರಿಗೆ ಖಾತೆಯಾದ ದಾಖಲೆಯನ್ನೂ ಜೊತೆಗಿಟ್ಟು, ಸರ್ವೆ ನಂಬರ್ ಬದಲಾಗಿದ್ದರೆ ಹಳೆಯದು ಹೊಸದು ಎರಡನ್ನೂ ಬರೆದಿಡಿ. ಗೆದ್ದಲು ಹಿಡಿದ ಹಾಳೆಗಳಿದ್ದರೆ ಬಿಸಿಲಿಗೆ ಹಾಕಬೇಡಿ, ಮಡಿಕೆ ಬಿಡಿಸಲು ಹೋಗದೆ ಹಾಗೆಯೇ ಫೋಟೊ ತೆಗೆಸಿಕೊಳ್ಳಿ.